ದೊರಸಾನಿಯ ಏನ್ರೀ

ನಿನ್ನೆ ಪಕ್ಕದ ಮನೆಯ ಬಸುರಿ ಸೊಸೆಯ ಕುಬುಸ, ಅದೇ ಸೀಮಂತ. ಹಸಿರು ಬಳೆಯ ಸದ್ದು, ಹೂರಣದ ಘಮ, ಎಲ್ಲ ಸರಿಯಾಗಿಯೇ ಇತ್ತು. ಆರತಿ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಒಡಪು ಹೇಳತೊಡಗಿದರು. ನಿಮಗೆ ಗೊತ್ತಲ್ಲ, ಗಂಡನ ಹೆಸರನ್ನು ಪ್ರಾಸದಲ್ಲಿ ಸುತ್ತಿ, ನಾಚಿಕೊಂಡಂತೆ ನಟಿಸಿ ಹೇಳಿಬಿಡುವ ಆಟ. ಸರತಿ ನನ್ನ ಎಡಗಡೆಯವಳವರೆಗೆ ಬಂತು. ಆಮೇಲೆ ಬಲಗಡೆಯವಳು ಶುರುಮಾಡಿದಳು. ನಡುವೆ ನಾನು ಕೂತಿದ್ದೆ. ಯಜಮಾನರು ಹೋಗಿ ವರ್ಷ ಕಳೆಯಿತು. ಇನ್ನು ಆ ಹೆಸರನ್ನು ನನ್ನ ಬಾಯಿಂದ ಯಾರೂ ಕೇಳುವುದಿಲ್ಲವೆಂದು ತಿಳಿಯದ್ದೇನಲ್ಲ. ಆದರೂ ಮನೆಗೆ ಬಂದು ಕೂತೆ, ಎದ್ದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹೀಗೆ ಕಾಲು ನಿಲ್ಲದಾದಾಗ ನನಗೆ ಕೊಪ್ಪಳದ ದೊರಸಾನಿ ನೆನಪಾಗುತ್ತಾಳೆ.

ನಾನು ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ಇನ್ನೂ ನಿಜಾಮರ ಕಾಲ. ನಮ್ಮ ಹಿತ್ತಲಿನ ಗೋಡೆಯಾಚೆ ಒಂದು ಹಂಚಿನ ಮನೆ. ಅದರಲ್ಲಿ ಮಿಷನ್ನಿನ ಸೇವೆಗೆಂದು ಸಮುದ್ರ ದಾಟಿ ಬಂದ ಮುದಿ ಗಂಡಹೆಂಡಿರು. ಊರವರ ಬಾಯಲ್ಲಿ ಅವರು ಪಾದ್ರಿ ಸಾಹೇಬರು, ಆಕೆ ದೊರಸಾನಿ. ಅವರಿಗೆ ಬಹುವಚನ, ಆಕೆಗೆ ಏಕವಚನ. ನಮ್ಮ ಓಣಿಯ ಸಲಿಗೆಯೇ ಹಾಗೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇವರಿಗೇಕಪ್ಪ ಈ ಬಿಸಿಲಿನ ಉಸಾಬರಿ ಎಂದುಕೊಳ್ಳುತ್ತಿದ್ದೆವು.

ಇಬ್ಬರಿಗೂ ಕೂತು ಗೊತ್ತಿಲ್ಲ. ಕೋಳಿ ಕೂಗುವ ಹೊತ್ತಿಗೆ ಮೊಣಕಾಲೂರಿ ಪ್ರಾರ್ಥನೆ ಮುಗಿಸಿ, ಸಾಹೇಬರು ಗಾಡಿ ಹತ್ತಿ ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಿಗೆ ಔಷಧಿ ಕೊಡಲು ಹೊರಟುಬಿಡುವರು. ಭಾರಿ ಮರೆಗುಳಿ. ಒಂದು ದಿನ ಟೊಪ್ಪಿಗೆ ಬಿಟ್ಟು, ಒಂದು ದಿನ ಕನ್ನಡಕ ಬಿಟ್ಟು, ಒಮ್ಮೆಯಂತೂ ಔಷಧಿಯ ಪೆಟ್ಟಿಗೆಯನ್ನೇ ಬಿಟ್ಟು. ಬಿಟ್ಟದ್ದನ್ನು ಹಿಡಿದು ದೊರಸಾನಿ ಗಾಡಿಯ ಹಿಂದೆ "ಹೆನ್ರೀ! ಹೆನ್ರೀ!" ಎಂದು ಓಡುವಳು. ಹೊತ್ತು ಇಳಿದರೆ ಮತ್ತೆ ಗೇಟಿನಲ್ಲಿ ಹಾಜರು. ಅವರು ಬಂದೊಡನೆ ತಡವಾಯಿತೆಂದು ತನ್ನ ಭಾಷೆಯಲ್ಲಿ ಬೈಗುಳ. ಒಂದು ಅಕ್ಷರ ತಿಳಿಯದಿದ್ದರೂ ನಮಗೆಲ್ಲ ಪೂರ್ತಿ ಅರ್ಥವಾಗುತ್ತಿತ್ತು.

ಹೆನ್ರಿ ಎಂಬುದು ಸಾಹೇಬರ ಹೆಸರು. ಓಣಿಗೆ ಅದು ಹೇಗೆ ಗೊತ್ತಾಗಬೇಕು? ನಮ್ಮ ಕಿವಿಗೆ ಬಿದ್ದದ್ದು "ಏನ್ರೀ!"

"ನೋಡಿ ಕಲೀರಿ," ಎಂದು ನನ್ನ ಅತ್ತೆ ಸೊಸೆಯರಿಗೆಲ್ಲ ಪಾಠ ಹೇಳುತ್ತಿದ್ದರು. "ಬಿಳಿ ಹೆಂಗಸಾದ್ರೂ ಗಂಡನ ಹೆಸರು ಎತ್ತಂಗಿಲ್ಲ. ಏನ್ರೀ ಅಂತ ಎಷ್ಟು ಮರ್ಯಾದಿಲೆ ಕರೀತಾಳ!"

ನನ್ನ ನಾದಿನಿಯ ಕುಬುಸದಲ್ಲಿ ಗುಟ್ಟು ರಟ್ಟಾಯಿತು. ಒಡಪು ಹೇಳಿರೆಂದು ಹೆಂಗಸರು ದೊರಸಾನಿಗೆ ದುಂಬಾಲು ಬಿದ್ದರು.

"ಹೆನ್ರಿ," ಎಂದಳು.

"ಏನಿಲ್ರಿ, ನಿಮ್ಮ ಗಂಡನ ಹೆಸರು ಹೇಳ್ರಿ."

"ಹೆನ್ರಿ!"

"ಅಯ್ಯ, ಅದನ್ನ ಹೇಳಾಕತ್ತೀವಲ್ರಿ, ಹೆಸರು!"

ವಿಷಯ ತಿಳಿದಾಗ ಎದ್ದ ನಗೆ ಕೋಟೆಯ ಗುಡ್ಡಕ್ಕೆ ಕೇಳಿಸಿರಬೇಕು. ಅತ್ತೆ ಅಡುಗೆಮನೆಯಿಂದಲೇ ಒಡಪು ಕಟ್ಟಿಕೊಟ್ಟರು. ಗಂಡನನ್ನು ಕಳೆದುಕೊಂಡ ಅವರು ಇಂಥ ದಿನಗಳಲ್ಲಿ ಹೊರಗೆ ಬರುತ್ತಿರಲಿಲ್ಲ. ದೊರಸಾನಿ ತಡವರಿಸಿ ತಡವರಿಸಿ ಹೇಳಿದಳು: "ಬಿಸಿ ರೊಟ್ಟಿ ಆರತಾವ, ಲಗೂನ ಬಂದು ತಿನ್ರಿ, ನಮ್ಮ ಯಜಮಾನರ ಹೆಸರು ಹೆನ್ರಿ."

ಮರುವರ್ಷ ಬೇಸಿಗೆಯಲ್ಲಿ ಯಲಬುರ್ಗಾ ಕಡೆ ವಾಂತಿಭೇದಿ ಎದ್ದಿತು. ಹೋದ ಸಾಹೇಬರು ಹೇಳಿದ ದಿನ ಬರಲಿಲ್ಲ. ಆಕೆ ಒಲೆಯಿಂದ ಗೇಟಿಗೆ, ಗೇಟಿನಿಂದ ಒಲೆಗೆ. ನೋಡಿ ನೋಡಿ ನನ್ನ ಕಾಲು ಸೋತವು. ಕೊನೆಗೆ ಗಾಡಿ ಬಂತು. ಆಕೆ ಕೂಗುತ್ತ ಓಡಿದಳು. ಗಾಡಿಯಲ್ಲಿ ಮುಸುಕು ಹೊದಿಸಿ ಮಲಗಿಸಿದ್ದವರು ಓಗೊಡಲಿಲ್ಲ.

ಮಣ್ಣಾದ ಮೇಲೆ ಆಕೆಯನ್ನು ಸ್ವದೇಶಕ್ಕೆ ಕಳಿಸುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ನನ್ನ ಕುಬುಸ ಬಂತು. ಆಕೆಯನ್ನು ಯಾರೂ ಕರೆದಿರಲಿಲ್ಲ. ಆದರೂ ಎಂದಿನಂತೆ ಹುಟ್ಟುವ ಕೂಸಿಗೆ ಒಂದು ಕುಲಾವಿ ಹೊಲಿದುಕೊಂಡು ಬಂದು ಮುತ್ತೈದೆಯರ ನಡುವೆ ಕೂತಳು. ಒಡಪಿನ ಸರತಿ ಆಕೆಯನ್ನು ದಾಟಿ ಮುಂದೆ ಹೋಯಿತು.

"ನನ್ನದು ಬಿಟ್ರಿ," ಎಂದಳು.

"ನೀವು ಈಗ ಹೇಳಬಾರದ್ರಿ ಅಮ್ಮಾರ," ಒಬ್ಬಳು ಮೆಲ್ಲಗೆ ಅಂದಳು. "ಅವ್ರು ಹ್ವಾದ್ರಲ್ರಿ."

"ಅವ್ರು ಹೋಗ್ಯಾರ. ಹೆಸರು ಹೋಗೈತೇನು?"

ಎದ್ದು ನಿಂತು ಅದೇ ಒಡಪು ಹೇಳಿದಳು. ರೊಟ್ಟಿ ಆರುತ್ತವೆ, ಲಗೂನ ಬಂದು ತಿನ್ನಿರಿ ಎಂದು. ಈ ಸಲ ಯಾರೂ ನಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಬಸುರಿ ಅಳಬಾರದೆಂದು ಯಾರೋ ಗದರಿದರು. ಆಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯೆಲ್ಲ ಹಿಟ್ಟು. "ಕಲ್ಲಪ್ಪ," ಎಂದರು. ಪ್ರಾಸವಿಲ್ಲ, ಏನಿಲ್ಲ. ನನ್ನ ಮಾವನವರ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಹೇಳಿ ಒಳಗೆ ಹೋಗಿ ಮತ್ತೆ ಹಿಟ್ಟು ನಾದತೊಡಗಿದರು.

ದೊರಸಾನಿ ಹಡಗು ಹತ್ತಿ ಹೋದಳು, ಮುಂದೇನಾದಳೋ ತಿಳಿಯದು.

ಇವತ್ತು ಬೆಳಿಗ್ಗೆ ಚಹಾ ಕೂಡ ಕುಡಿಯದೆ ಪಕ್ಕದ ಮನೆಗೆ ಹೋದೆ. ಬಸುರಿ ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು.

"ನಿನ್ನಿ ನನ್ನ ಸರತಿ ಬಿಟ್ರಲ್ಲವ್ವಾ," ಎಂದೆ. ಒಡಪು ಕಟ್ಟಲು ನೋಡಿದೆ, ಪ್ರಾಸ ಸಿಗಲಿಲ್ಲ. "ಗಂಗಾಧರಪ್ಪ," ಎಂದಷ್ಟೇ ಅಂದೆ.

ಹುಡುಗಿ ಕಣ್ಣರಳಿಸಿದಳು. "ಯಾರಜ್ಜಿ ಅವ್ರು?"

"ನಾ ಏನ್ರೀ ಅಂತಿದ್ದೆನಲ್ಲ, ಅವ್ರು."