ಹದಿನೇಳನೆಯ ಬಾವಿಯ ಫಲಿತಾಂಶ

ತೂಬಗೆರೆ ಸುತ್ತಲಿನ ಇಪ್ಪತ್ತೆರಡು ಬಾವಿಗಳ ನೀರಿನ ಮಟ್ಟವನ್ನು ಶಶಿರೇಖಾ ಒಂಬತ್ತು ವರ್ಷಗಳಿಂದ ಅಳೆಯುತ್ತಿದ್ದಳು. ದೊಡ್ಡಬಳ್ಳಾಪುರದ ಕಾಲೇಜೊಂದರ ಲ್ಯಾಬಿನಲ್ಲಿ ಅವಳು ಸಹಾಯಕಿ. ಅವಳು ಬಿಸಿಲಲ್ಲಿ ಅಲೆದು ತಂದ ಅಂಕಿಗಳ ಮೇಲೆ ಬೇರೆಯವರು ಪ್ರಬಂಧ ಬರೆಯುತ್ತಿದ್ದರು. ಈ ಸಲ ಪ್ರೊಫೆಸರ್ ಅನಿಲ್‌ಕುಮಾರ್, "ನೀವೇ ಬರೀರಿ, ನಿಮ್ಮ ಹೆಸರೇ ಮೊದಲು ಬರಲಿ. ಫಲಿತಾಂಶದಲ್ಲಿ ಕಂಡದ್ದು, ಚರ್ಚೆಯಲ್ಲಿ ಅದು ಯಾಕೆ ಹಾಗೆ ಅನ್ನೋದು. ಎರಡನ್ನೂ ಬೆರೆಸ್ಬೇಡಿ, ಅಷ್ಟೇ," ಎಂದರು.

ಇಪ್ಪತ್ತೊಂದು ಬಾವಿಗಳದ್ದು ವಾರದೊಳಗೆ ಮುಗಿಯಿತು. ಹದಿನೇಳನೆಯದಕ್ಕೆ ಬಂದಾಗ ಕೈ ನಿಂತುಹೋಯಿತು. ಅದು ಅಮ್ಮಯಮ್ಮನ ಹೊಲದ ಹಳೆಯ ಕಲ್ಲುಬಾವಿ, ಬತ್ತಿ ಎಷ್ಟೋ ವರ್ಷವಾಗಿತ್ತು. ಆದರೆ ಈ ವರ್ಷ ತಳದಲ್ಲಿಟ್ಟ ಸೆನ್ಸರ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಾಲ್ಕು ಅಡಿ ನೀರು ತೋರಿಸಿ, ಕೆಲವು ನಿಮಿಷ ಬಿಟ್ಟು ಸೊನ್ನೆಗೆ ಇಳಿಯುತ್ತಿತ್ತು. ಸೆನ್ಸರನ್ನು ಎರಡು ಸಲ ಬದಲಾಯಿಸಿದಳು. ಅದೇ ನಾಲ್ಕು ಅಡಿ.

ಕೊನೆಗೆ ಒಂದು ದಿನ ಉರಿಬಿಸಿಲಿನಲ್ಲಿ ತಾನೇ ಹೋದಳು. ಜೊತೆಗೆ ಬಂದ ಅಮ್ಮಯಮ್ಮ ಹುಣಸೆಮರದ ಹತ್ತಿರವೇ ನಿಂತುಬಿಟ್ಟಳು.

"ಬನ್ನಿ ಅಮ್ಮ, ನೋಡೋಣ."

"ನಾನ್ ಬರಲ್ಲ ಕಣವ್ವ. ಈ ಹೊತ್ತಲ್ಲಿ ನಮ್ಮನೇರು ಯಾರೂ ಅದ್ರೊಳಕ್ಕೆ ಬಗ್ಗಿ ನೋಡಲ್ಲ. ಯಾಕೆ ಅಂತ ನಮ್ಮತ್ತೆ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಶಶಿರೇಖಾ ಬಗ್ಗಿದಳು. ತಳದಲ್ಲಿ ಬಿರುಕುಬಿಟ್ಟ ಮಣ್ಣು, ತರಗೆಲೆ, ಒಂದು ಹರಕು ಚಪ್ಪಲಿ. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಹನ್ನೆರಡಾಯಿತು. ಬೇಲಿಯಲ್ಲಿ ಕೂಗುತ್ತಿದ್ದ ಹಕ್ಕಿಗಳು ಸುಮ್ಮನಾದವು. ನೀರು ತಾಗಿದಷ್ಟು ಅಳಿಸಿಹೋಗುವಂತೆ ಸೀಮೆಸುಣ್ಣ ಬಳಿದ ಸ್ಟೀಲ್ ಟೇಪನ್ನು ಅವಳು ಇಳಿಬಿಟ್ಟಳು. ತುದಿ ಒಣ ಮಣ್ಣಿಗೆ ತಾಗಿದ್ದು ಕಣ್ಣಿಗೆ ಕಂಡಿತು, ಕೈಗೂ ತಿಳಿಯಿತು. ಮೇಲೆಳೆದರೆ ನಾಲ್ಕು ಅಡಿಯವರೆಗೆ ಸುಣ್ಣ ತೊಳೆದುಹೋಗಿತ್ತು. ಟೇಪಿನಿಂದ ಇಳಿದ ನೀರು ಪಾದದ ಮೇಲೆ ತೊಟ್ಟಿಕ್ಕಿತು. ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಆ ಬಾವಿನ ಪ್ರಬಂಧದಿಂದ ತೆಗೆದ್ಹಾಕಿ ಮೇಡಂ," ಎಂದರು ಅನಿಲ್‌ಕುಮಾರ್. "ಚರ್ಚೆಯಲ್ಲಿ ಏನಂತ ಬರೀತೀರಿ?"

"ಕಾರಣ ಗೊತ್ತಿಲ್ಲ ಅಂತ ಬರೀತೀನಿ ಸಾರ್. ಕಂಡಿದ್ದನ್ನ ಕಂಡಿಲ್ಲ ಅಂತ ಹೆಂಗೆ ಬರೀಲಿ?"

ಹಾಗೆಯೇ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದಳು. ಎರಡು ತಿಂಗಳಿಗೆ ಪರಿಶೀಲಕರ ಉತ್ತರ ಬಂತು. ಗೇಲಿ ಮಾಡಿರುತ್ತಾರೆ ಎಂದುಕೊಂಡೇ ತೆರೆದಳು. ಒಂದೇ ಪ್ರಶ್ನೆಯಿತ್ತು: 'ನಿಮ್ಮ ಕೋಷ್ಟಕದ ಪ್ರಕಾರ ಹದಿನೇಳನೆಯ ಬಾವಿಯಲ್ಲಿ ನೀರು ನಿಂತಿರುವ ಅವಧಿ ತಿಂಗಳು ತಿಂಗಳೂ ಒಂದು ನಿಮಿಷ ಹೆಚ್ಚುತ್ತಿದೆ. ಅದನ್ನೇಕೆ ಹೇಳಿಲ್ಲ?'

ಕೋಷ್ಟಕ ತೆಗೆದು ನೋಡಿದಳು. ಜೂನ್‌ನಲ್ಲಿ ಐದು, ಜುಲೈನಲ್ಲಿ ಆರು, ಆಗಸ್ಟ್‌ನಲ್ಲಿ ಏಳು. ಒಂದೊಂದು ಅಂಕಿಯನ್ನೂ ತಾನೇ ಟೈಪ್ ಮಾಡಿದ್ದಳು. ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಫಲಿತಾಂಶಕ್ಕೆ ಒಂದು ಸಾಲು ಸೇರಿಸಿದಳು. ಚರ್ಚೆಗೆ ಏನೂ ಸೇರಿಸಲಿಲ್ಲ.

ಪ್ರಬಂಧ ಅಚ್ಚಾಯಿತು, ಮೊದಲ ಹೆಸರು ಅವಳದೇ. ಈಗಲೂ ಆ ಬಾವಿಗೆ ತಿಂಗಳಿಗೊಮ್ಮೆ ಹೋಗಿ ಅಂಕಿಗಳನ್ನು ಇಳಿಸಿಕೊಳ್ಳುತ್ತಾಳೆ. ಬೆಳಗ್ಗೆ ಒಂಬತ್ತಕ್ಕೇ ಹೋಗಿ, ಹನ್ನೊಂದರೊಳಗೆ ವಾಪಸ್ ಬಸ್ಸು ಹಿಡಿಯುತ್ತಾಳೆ. ಕಳೆದ ತಿಂಗಳು ನೀರು ಮೂವತ್ತೊಂದು ನಿಮಿಷ ನಿಂತಿತ್ತು.