ಬೇವಿನ ಕೊಂಬೆ ಇಳಿಸಿದ ದಿನ

ಬಳ್ಳಾರಿಯ ನಮ್ಮ ಬೀದಿಯಲ್ಲಿ ಇಂದು ಬೇವಿನ ಮರ ಕಡಿಯುತ್ತಿದ್ದರು. ಆ ಹಸಿ ಕಹಿ ವಾಸನೆಗೆ ನಾನು ಚಿಕ್ಕವಳಿದ್ದಾಗಿನ ಕುರುಗೋಡಿನ ನಮ್ಮ ಹಿತ್ತಿಲು ಕಣ್ಣಮುಂದೆ ಬಂತು.

ಮಾಳಿಗೆಯ ಮೇಲೆ ಬಾಗಿದ್ದ ಕೊಂಬೆಗೆ ಹಗ್ಗ ಬಿಗಿದು, ಅದನ್ನು ಮೇಲಿನ ಕವಲಿನ ಮೇಲಿಂದ ಕೆಳಗೆ ಬಿಟ್ಟು, ಅಪ್ಪ ಮರದ ಮೇಲೆ ಕುಳಿತು ಗರಗಸ ಎಳೆಯುತ್ತಿದ್ದರು. ಕೆಳಗೆ ಚಿಕ್ಕಪ್ಪ ಹಗ್ಗ ಹಿಡಿದಿದ್ದರು.

“ಬುಡಕ್ಕ ಮೂರು ಸುತ್ತು ಹಾಕಲೇ, ಭಾರ ಮರಾನ ಹೊರತೈತಿ. ಕೈಗೆ ಸುತ್ತಿಕೋಬ್ಯಾಡ,” ಎಂದರು ಅಪ್ಪ.

“ನಂಗೊತ್ತೈತಿ, ನೀ ಕೊಯ್ಯಿ,” ಎಂದ ಚಿಕ್ಕಪ್ಪ ಬುಡಕ್ಕೆ ಒಂದೇ ಸುತ್ತು ಹಾಕಿ, ತುದಿಯನ್ನು ಅಂಗೈಗೆ ಸುತ್ತಿಕೊಂಡರು.

ಕೊಂಬೆ ಲಟಕ್ಕನೆ ಮುರಿಯಿತು. ಹಗ್ಗ ಚಿಕ್ಕಪ್ಪನನ್ನು ಎಳೆದು ಮರಕ್ಕೆ ಅಪ್ಪಳಿಸಿತು. ಎರಡು ಬೆರಳು ಕಿತ್ತುಹೋದವು. ನನ್ನ ಲಂಗಕ್ಕೆ ರಕ್ತ ಸಿಡಿಯಿತು. ಅಪ್ಪ ಜಾರಿ ಇಳಿದವರೇ, ಚೀರುತ್ತಿದ್ದ ಚಿಕ್ಕಪ್ಪನ ಕೆನ್ನೆಗೆ ಬಾರಿಸಿದರು. ಆಮೇಲೆ ಪಂಚೆ ಹರಿದು ಅವರ ಕೈ ಕಟ್ಟುತ್ತ ಅತ್ತರು.

ಇಂದು ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ ಆ ದಿನ ನೆನಪಿಸಿದೆ.

“ಬೆರಳಿನ ನೋವು ಯಾವಾಗೋ ಮರತೀನವ್ವ,” ಎಂದರು. “ನಮ್ಮಣ್ಣ ಹೊಡದ ಕೆನ್ನಿ ಇನ್ನೂ ಉರೀತೈತಿ.”