ತವನಪ್ಪನ ಸುಣ್ಣದ ನೀರು

ಭಾನುವಾರ ಬೆಳಿಗ್ಗೆ ಅಂಕಲಿಯ ತವನಪ್ಪನ ಕಟ್ಟೆಯ ಮೇಲೆ ಕೂಡಲು ಜಾಗ ಸಿಗುತ್ತಿರಲಿಲ್ಲ. ಕಣ್ಣು ಹಳದಿಯಾದವರೆಲ್ಲ ರಾಯಬಾಗ, ನಿಪ್ಪಾಣಿಯಿಂದ ಬಂದು ಕಾಯುತ್ತಿದ್ದರು. ಆ ಬೇನೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಅಜ್ಜನ ಕಾಲದಿಂದ ಕಾಮಣಿ ಇಳಿಸುವ ಮನೆತನ ಅವನದು. ಬಂದವರ ಅಂಗೈಗೆ ಯಾವುದೋ ತೊಗಟೆಯ ರಸ ಸವರಿ, ಮೇಲೆ ಸುಣ್ಣದ ತಿಳಿನೀರು ಸುರಿಯುತ್ತಿದ್ದ. ಕೈಯಿಂದ ಇಳಿಯುವ ನೀರು ಅರಿಸಿನದಂತೆ ಹಳದಿಯಾಗುತ್ತಿತ್ತು. ಕಾಮಣಿ ಇಳಿಯಿತು ಎಂದು ಜನ ಕೈ ಮುಗಿಯುತ್ತಿದ್ದರು. ಪಥ್ಯ ಮಾತ್ರ ಬಿಗಿ: ಎಣ್ಣೆ ಕೂಡದು, ಬೇರೆ ಗುಳಿಗೆ ಕೂಡದು. ಒಂದು ಹೊಟ್ಟೆಯಲ್ಲಿ ಎರಡು ಔಷಧ ಬಾಳುವುದಿಲ್ಲ ಎಂಬುದು ಅವನ ಅಜ್ಜನ ಮಾತು.

ಇಂಥವನ ಲಿವರೇ ಕೆಟ್ಟು ಕೂತಿತಲ್ಲ, ನಗಬೇಕೋ ಅಳಬೇಕೋ ನನಗಂತೂ ತಿಳಿಯಲಿಲ್ಲ. ಒಂದು ಹನಿ ಕುಡಿದವನಲ್ಲ. ಸಕ್ಕರೆ ಕಾಯಿಲೆಯ ಮೇಲೆ ಬೊಜ್ಜು ಸೇರಿ ಹೀಗಾಯಿತಂತೆ. ಪುಣೆಯ ಆಸ್ಪತ್ರೆಯಲ್ಲಿ ಹೆಂಡತಿ ಅಕ್ಕುತಾಯಿ ತನ್ನ ಲಿವರಿನ ಒಂದು ಭಾಗ ಕೊಟ್ಟು ಉಳಿಸಿಕೊಂಡಳು. ಇನ್ನೊಬ್ಬರ ಲಿವರನ್ನು ಮೈ ತನ್ನದೆಂದು ಒಪ್ಪುವುದಿಲ್ಲ, ಮೈಯನ್ನು ಸುಮ್ಮನಿರಿಸುವ ಗುಳಿಗೆಯನ್ನು ಜೀವ ಇರುವತನಕ ಬಿಡಬಾರದು, ಕಣ್ಣು ಹಳದಿಯಾದರೆ ಆ ಕ್ಷಣ ಬರಬೇಕು ಎಂದು ಡಾಕ್ಟರು ಹತ್ತು ಸಲ ಹೇಳಿ ಕಳಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕಣ್ಣು ಹಳದಿಯಾಯಿತು. ಊರೆಲ್ಲ ಕಾಮಣಿ ಎಂದಿತು. ಮಳೆಗಾಲದ ಹೊಳೆಯ ನೀರಿಗೆ ಯಾರಿಗಾದರೂ ಆಗುವುದೇ ಎಂದು ಸಮಾಧಾನವನ್ನೂ ಹೇಳಿತು. ತವನಪ್ಪನಿಗೆ ಹೆದರಿಕೆಗಿಂತ ಖುಷಿ ಹೆಚ್ಚು; ಕೊನೆಗೂ ತನಗೆ ಗೊತ್ತಿರುವ ಬೇನೆಯೊಂದು ಬಂತಲ್ಲ! ಪಥ್ಯ ಮುರಿಯಬಾರದೆಂದು ಪುಣೆಯ ಗುಳಿಗೆ ಬಿಟ್ಟು, ತನ್ನ ಕೈಗೆ ತಾನೇ ರಸ ಸವರಿಕೊಂಡು ಕೂತ ಪುಣ್ಯಾತ್ಮ. ಹೆಂಡತಿ ಅತ್ತಳು, ಬೈದಳು. ಹಳದಿ ನೀರು ಕಣ್ಣೆದುರೇ ಇಳಿಯುತ್ತಿರುವಾಗ ಅವಳ ಮಾತು ಯಾರಿಗೆ ಬೇಕು?

ಅಕ್ಕುತಾಯಿ ಒಳಗೆ ಹೋಗಲಿಲ್ಲ. ಎದುರಿಗೆ ಕೂತು ತನ್ನ ಅಂಗೈಗೂ ಅದೇ ರಸ ಸವರಿಕೊಂಡಳು. ತಂಬಿಗೆ ಎತ್ತಿ ಸುಣ್ಣದ ನೀರು ಸುರಿದುಕೊಂಡಳು. ಅವನದಕ್ಕಿಂತ ಒಂದು ಕೈ ಹೆಚ್ಚೇ ಹಳದಿ ಇಳಿಯಿತು.

"ನನಗೂ ಕಾಮಣಿ ಆಗೇತೇನ್ರಿ?" ಎಂದಳು. "ಮತ್ತ ಪುಣೇದವ್ರು ಚೊಲೋ ಐತಿ ಅಂತ ನನ್ನ ಲಿವರ್ ಹೆಂಗ ತಗೊಂಡ್ರು?"

ತವನಪ್ಪ ಆ ನೀರನ್ನೇ ನೋಡುತ್ತ ಕೂತ. ಕಾಮಣಿ ಇಲ್ಲದವರ ಕೈ ತೊಳೆಸಿ ನೋಡಬೇಕೆಂದು ಆ ಮನೆತನದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆರಾಮಿದ್ದವರು ಆ ಕಟ್ಟೆಗೆ ಯಾಕೆ ಬಂದಾರು? ಅವತ್ತೇ ಗಾಡಿ ಮಾಡಿ ಪುಣೆಗೆ ಹೋದರು.

ಹಳದಿಗೆ ಹಲವು ಕಾರಣ ಎಂದರು ಡಾಕ್ಟರು. ಸೋಂಕಿರಬಹುದು, ಪಿತ್ತದ ನಾಳ ಬಿಗಿದಿರಬಹುದು, ಮೈ ಲಿವರನ್ನು ಹೊರಹಾಕಲು ನೋಡುತ್ತಿರಬಹುದು. ಬಣ್ಣ ನೋಡಿ ಹೇಳಲು ಬರುವುದಿಲ್ಲ. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಕೊನೆಗೆ ಸೂಜಿ ಹಾಕಿ ಲಿವರಿನ ಚೂರು ತೆಗೆದು ಪರೀಕ್ಷಿಸಿದರು. ಮೈ ಅದನ್ನು ಹೊರದಬ್ಬುತ್ತಲೇ ಇತ್ತು. ಇನ್ನೊಂದು ವಾರ ಪಥ್ಯ ಮಾಡಿದ್ದರೆ ಪಥ್ಯವೇ ಅವನನ್ನು ಮಣ್ಣು ಮಾಡುತ್ತಿತ್ತು. ಸಲೈನಿನಲ್ಲಿ ಔಷಧ ಏರಿಸಿದ ಮೇಲೆ ಕಣ್ಣು ನಿಧಾನಕ್ಕೆ ಬೆಳ್ಳಗಾಯಿತು.

ಈಗ ಕಟ್ಟೆಗೆ ಬಂದವರಿಗೆ ಮೊದಲು ಚಿಕ್ಕೋಡಿಗೆ ಹೋಗಿ ರಕ್ತ ತೋರಿಸಿಕೊಳ್ಳಿ ಎನ್ನುತ್ತಾನೆ. ತವನಪ್ಪನ ಕೈಗುಣ ಹೋಯಿತು ಎಂದು ಜನ ಬೇರೆಯವನನ್ನು ಹುಡುಕಿಕೊಂಡಿದ್ದಾರೆ. ಮೊನ್ನೆ ಯಾರೋ ಹಿರಿಯರು, ಹೆಂಡತಿಯ ಲಿವರು ಇವನಿಗೆ ಒಗ್ಗಲಿಲ್ಲವಂತೆ ಎಂದು ಅವಳೆದುರೇ ಮರುಗಿದರು.

"ಇಷ್ಟು ವರ್ಷ ಇಡೀ ಮನುಷ್ಯಾನ ಕೂಡ ನಾ ಒಗ್ಗಿಕೊಂಡು ಬಾಳೇ ಮಾಡೇನ್ರಿ," ಎಂದಳು ಅಕ್ಕುತಾಯಿ. "ನಂದೊಂದು ತುಂಡಿನ ಕೂಡ ಒಗ್ಗಾಕ ಇವರಿಗೆ ದಿನಾ ಗುಳಿಗಿ ಬೇಕು."

ತವನಪ್ಪ ಅಂಗೈ ಚಾಚಿದ. ಅವಳು ಗುಳಿಗೆ ಇಟ್ಟಳು.